ಮನೆಯಲ್ಲಿ ಒಬ್ಬರು ನಶೆಗೆ ಬಿದ್ದಾಗ ಉಳಿದವರು ಎಲ್ಲಿಗೆ ಹೋಗಬೇಕು? ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

"ಅವನು ಡಾಕ್ಟರ ಹತ್ತಿರ ಬರೋದಕ್ಕೆ ಒಪ್ಪುತ್ತಲೇ ಇಲ್ಲ. ನಾವೇನು ಮಾಡೋದು?"

ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿ, ಎಲ್ಲ ಕಡೆಯಿಂದ ಓದುಗರು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಕೇಳುವವರು ಅಮ್ಮಂದಿರು, ಹೆಂಡತಿಯರು, ಅಕ್ಕತಂಗಿಯರು. ಕೆಲವೊಮ್ಮೆ ಒಂದೇ ಖೋಲಿಯಲ್ಲಿರುವ ಗೆಳೆಯರು. ನನ್ನ ಉತ್ತರ ಚಿಕ್ಕದು: ಅವನು ಬರದಿದ್ದರೆ ನೀವು ಹೋಗಿ. ನಿಮ್ಮ ಸಲುವಾಗಿಯೇ ಹೋಗಿ.

ಕಾಯಿಲೆ ಅವನದು, ನಾನ್ಯಾಕೆ ಹೋಗಬೇಕು ಅನ್ನಿಸಬಹುದು. ಆದರೆ ನಿದ್ದೆ ಕೆಟ್ಟಿರುವುದು ನಿಮ್ಮದೂ ಹೌದು, ಬಿ.ಪಿ. ಏರಿರುವುದು ನಿಮಗೂ ಹೌದು. ಇನ್ನೊಂದು ಕಾರಣವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಮೇಯರ್ಸ್ ಮತ್ತು ಅವರ ಜೊತೆಗಾರರು 'ಕ್ರಾಫ್ಟ್' ಎಂಬ ಪದ್ಧತಿ ಬೆಳೆಸಿದರು. ಅದರಲ್ಲಿ ತರಬೇತಿ ಸಿಗುವುದು ಮನೆಯವರಿಗೆ ಮಾತ್ರ. ಅದರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ, ಮೊದಲು ಬರಲ್ಲ ಎಂದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಆಮೇಲೆ ಚಿಕಿತ್ಸೆಗೆ ಬಂದರು. ಅಂದರೆ ಅವನ ಒಪ್ಪಿಗೆಗೆ ಕಾಯುತ್ತಾ ಕೂರುವ ಅಗತ್ಯ ಇಲ್ಲ.

ಬರೆಯುವ ಅನುಕೂಲಕ್ಕೆ 'ಅವನು' ಎನ್ನುತ್ತಿದ್ದೇನೆ. ಹೆಣ್ಣುಮಕ್ಕಳೂ ಇದ್ದಾರೆ, ಅವರ ವಿಷಯವನ್ನು ಮನೆಯವರು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

1. ಮೊದಲು ಜೀವದ ಅಪಾಯ ಇದೆಯಾ ನೋಡಿ

ಬ್ರೌನ್ ಶುಗರ್ (ಮುಂಬಯಿಯಲ್ಲಿ ಗರ್ದ್), ಹೆರಾಯಿನ್, ಅಫೀಮಿನ ಜಾತಿಯ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇವು ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ. ಕರೆದರೆ ಏಳುವುದಿಲ್ಲ. ತುಟಿ, ಉಗುರು ನೀಲಿಗೆ ತಿರುಗುತ್ತವೆ. ಗೊರಕೆಯಂಥ ವಿಚಿತ್ರ ಸದ್ದು ಬರುತ್ತದೆ. "ಮಲಗಲಿ ಬಿಡಿ, ಇಳಿಯುತ್ತೆ" ಎಂದು ಬಾಗಿಲು ಎಳೆದುಕೊಂಡು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ ಗೋವಾ ಎರಡರಲ್ಲೂ ಆಂಬುಲೆನ್ಸ್‌ಗೆ ಅದೇ ನಂಬರು. ಬರುವ ತನಕ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಆಗ ವಾಂತಿಯಾದರೂ ಉಸಿರು ಕಟ್ಟುವುದಿಲ್ಲ. ನಿಂಬೆರಸ ಕುಡಿಸುವುದು, ವಾಂತಿ ಮಾಡಿಸುವುದು, ತಣ್ಣೀರು ಸುರಿಯುವುದು ಬೇಡ. ಏನು ತೆಗೆದುಕೊಂಡಿದ್ದಾನೆ ಎಂದು ಡಾಕ್ಟರಿಗೆ ಸುಳ್ಳು ಹೇಳಬೇಡಿ. ಗರ್ದ್, ಹೆರಾಯಿನ್‌ನಂಥ ಅಫೀಮು ಜಾತಿಯ ಅಮಲಿಗೆ ನಲೋಕ್ಸೋನ್ ಎಂಬ ಇಂಜೆಕ್ಷನ್ ಇದೆ. ಅದನ್ನು ಕೊಡಬೇಕಾ ಬೇಡವಾ ಎಂದು ನಿರ್ಧರಿಸಲು ಅವರಿಗೆ ನಿಜ ಬೇಕು.

ಎಂಡಿ ಅಂದರೆ ಮೆಫೆಡ್ರೋನ್, ಮೈಯನ್ನು ಕೆರಳಿಸುವ ನಶೆ, ಅದರ ಕಥೆ ಉಲ್ಟಾ. ಎದೆನೋವು, ಮೈಯೆಲ್ಲ ಕಾದಿರುವುದು, ಫಿಟ್ಸ್, ಯಾರೋ ಕೊಲ್ಲಲು ಬರುತ್ತಿದ್ದಾರೆ ಎನ್ನುವ ಭಯ ಕಂಡರೆ ತಕ್ಷಣ ಆಸ್ಪತ್ರೆ.

ಇನ್ನೊಂದು ಅಪಾಯ ಬರುವುದು ಒಳ್ಳೆಯ ಉದ್ದೇಶದಿಂದ. ದಿನಾ ಕುಡಿಯುವವರು ಅಥವಾ 'ಬಟನ್' ಎಂದು ಕರೆಯುವ ನಿದ್ದೆ ಮಾತ್ರೆ ದಿನಾ ನುಂಗುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ನಶೆ ನಿಂತಾಗ ದೇಹ ಕೊಡುವ ಈ ಕಾಟಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ. ಗರ್ದ್ ಸೇದುವವರ ಬಾಯಲ್ಲಿ ಅದು 'ಟರ್ಕಿ'. ಗರ್ದಿನ ಟರ್ಕಿಯಲ್ಲಿ ಮೈಕೈ ನೋವು, ಮೂಗು ಸೋರುವುದು, ಭೇದಿ ಎಲ್ಲ ಬಂದು ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ. ಮದ್ಯ ಮತ್ತು ನಿದ್ದೆ ಮಾತ್ರೆಯ ವಿತ್‌ಡ್ರಾವಲ್‌ನಲ್ಲಿ ಹೋಗಬಹುದು. ಹಾಗಾಗಿ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ.

2. ಒಂದು ಫೋನ್ ಮಾಡಿ, ಕನ್ನಡದಲ್ಲೇ

ಮನೆಯೊಳಗಿನ ಸಂಗತಿಯನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುವುದು ಎಲ್ಲರಿಗೂ ಸಲೀಸಲ್ಲ, ಅದರಲ್ಲೂ ಊರಿನಿಂದ ಬಂದು ಅಡುಗೆಮನೆಯಲ್ಲೇ ಇದ್ದುಬಿಟ್ಟ ಅತ್ತೆಯಂದಿರಿಗೆ. ಟೆಲಿ ಮಾನಸ್‌ನ ನಂಬರು 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ನಶೆಯ ವಿಷಯಕ್ಕೆಂದೇ ಇರುವುದು 14446. ನಿಮ್ಮ ಹತ್ತಿರದ ಸರ್ಕಾರಿ ನೆರವಿನ ಕೇಂದ್ರ ಎಲ್ಲಿದೆ ಎಂದು ಅಲ್ಲಿ ಕೇಳಬಹುದು.

ಫೋನ್ ಹಿಡಿದಾಗ "ನನ್ನ ಮಗನಿಗೆ ಔಷಧಿ ಹೇಳಿ" ಎಂದು ಶುರು ಮಾಡಬೇಡಿ. "ನಾನು ತಾಯಿ. ಮಗ ಎರಡು ವರ್ಷದಿಂದ ಎಂಡಿ ತೆಗೆದುಕೊಳ್ಳುತ್ತಿದ್ದಾನೆ. ನನಗೆ ಸಹಾಯ ಬೇಕು" ಎನ್ನಿ. ಆಗ ಮಾತು ಬೇರೆ ದಾರಿ ಹಿಡಿಯುತ್ತದೆ.

ಒಂದು ಗೊಂದಲ ಬಹಳ ಜನರಿಗೆ ಇದೆ. 1933 ಎಂಬ ನಂಬರಿನ ಹೆಸರೂ ಮಾನಸ್ ಅಂತಲೇ. ಆದರೆ ಅದು ಮಾದಕವಸ್ತು ನಿಯಂತ್ರಣ ಬ್ಯೂರೋದ್ದು. ಡ್ರಗ್ಸ್ ಮಾರುವವರ ಮಾಹಿತಿ ಕೊಡಲೆಂದು ಮುಖ್ಯವಾಗಿ ಇರುವಂಥದ್ದು. ಮನಸ್ಸು ಹಗುರ ಮಾಡಿಕೊಳ್ಳಲು ಅಲ್ಲಿಗೆ ಮಾಡಬೇಡಿ.

3. ಒಂದು ವಾರ ಬರೆದಿಡಿ

ಹಳೆಯ ಲೆಕ್ಕದ ಪುಸ್ತಕ ಸಾಕು. ಏನು ತೆಗೆದುಕೊಳ್ಳುತ್ತಾನೆ, ಯಾವ ಹೊತ್ತಿಗೆ, ಮನೆಯಲ್ಲಿ ಎಷ್ಟು ದುಡ್ಡು ಕಾಣೆಯಾಯಿತು, ಯಾವ ದಿನ ಚೆನ್ನಾಗಿದ್ದ. ಕೊನೆಯದನ್ನು ಮರೆಯಬೇಡಿ. ಚೆನ್ನಾಗಿದ್ದ ದಿನ ಏನು ಭಿನ್ನವಾಗಿತ್ತು ಎನ್ನುವುದೇ ಕೌನ್ಸೆಲರ್‌ಗೆ ಹೆಚ್ಚು ಉಪಯೋಗ. ಈ ಪುಸ್ತಕ ಅವನ ಕೈಗೆ ಸಿಗದಂತೆ ಇಡಿ. ಜೇಬು ತಡಕುವುದು, ಮೊಬೈಲ್ ಪಾಸ್‌ವರ್ಡ್ ಕದಿಯುವುದು ಇದರ ಭಾಗ ಅಲ್ಲ.

4. ಆಸ್ಪತ್ರೆಯಲ್ಲಿ ನಿಮ್ಮ ಹೆಸರಲ್ಲೇ ಕೇಸ್ ಪೇಪರ್ ಮಾಡಿಸಿ

ಮುಂಬಯಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ: ಪರೇಲ್‌ನ ಕೆಇಎಂ, ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್, ಬೈಕುಲಾದ ಜೆ.ಜೆ. ಥಾಣೆಯಲ್ಲಿ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಇದೆ. ಪುಣೆಯವರಿಗೆ ಸಸೂನ್. ಗೋವಾದಲ್ಲಿ, ವಾಸ್ಕೊ ಝುವಾರಿನಗರ ಕಡೆಯ ನಮ್ಮವರಿಗೂ ಸೇರಿ, ಬಾಂಬೋಳಿಯ ಮನೋವೈದ್ಯ ಸಂಸ್ಥೆ, ಅಂದರೆ ಐಪಿಎಚ್‌ಬಿ.

ಹೊರರೋಗಿ ವಿಭಾಗಕ್ಕೆ, ಅಂದರೆ ಓಪಿಡಿಗೆ, ಬೆಳಗ್ಗೆ ಬೇಗ ಹೋಗಿ. ಅಲ್ಲಿ ಜನ ಮಾಡುವ ತಪ್ಪು ಏನೆಂದರೆ ಮಗನ ಹೆಸರಲ್ಲಿ ಕೇಸ್ ಪೇಪರ್, ಅಂದರೆ ರೋಗಿಯ ನೋಂದಣಿ ಚೀಟಿ, ಮಾಡಿಸಿ ಸಾಲಲ್ಲಿ ನಿಲ್ಲುತ್ತಾರೆ. ಒಳಗೆ ಹೋದಾಗ "ಪೇಷಂಟ್ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅರ್ಧ ದಿನ ಹಾಳು. ರೋಗಿಯನ್ನು ನೋಡದೆ ಡಾಕ್ಟರು ಔಷಧಿ ಬರೆಯಲು ಆಗುವುದಿಲ್ಲ, ಅವರನ್ನು ಬೈದು ಪ್ರಯೋಜನ ಇಲ್ಲ. ನಿಮ್ಮ ಹೆಸರಲ್ಲೇ ಮಾಡಿಸಿದರೆ ನೀವೇ ಪೇಷಂಟ್. ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತದೆ, ಸಾಯಬೇಕು ಅನ್ನಿಸುತ್ತದೆ, ಇದ್ದದ್ದನ್ನು ಹೇಳಿ. ಹಾಗೇ ವಿಭಾಗದ ಸಮಾಜ ಕಾರ್ಯಕರ್ತರನ್ನು ನೋಡಬೇಕು ಎಂದು ಕೇಳಿ. ಚೀಟಿ ಬರೆಯುವುದು ಡಾಕ್ಟರು, ಆದರೆ ಮುಂದಿನ ದಾರಿಯನ್ನು ಕೂರಿಸಿಕೊಂಡು ಹೇಳುವವರು ಸಾಮಾನ್ಯವಾಗಿ ಇವರು.

5. ನಿಮ್ಮಂಥವರ ಗುಂಪು ಹುಡುಕಿ

ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಇದಕ್ಕೇ ಜಾಸ್ತಿ ಬೆಲೆ. ಆದರೂ ಎಲ್ಲರೂ ಮುಂದಕ್ಕೆ ಹಾಕುವುದು ಇದನ್ನೇ.

ಅಲ್-ಅನಾನ್ ಎಂಬುದು ಕುಡಿಯುವವರ ಮನೆಯವರ ಗುಂಪು. 1951ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಮುಂಬಯಿಯಲ್ಲೂ ಸಭೆಗಳು ನಡೆಯುತ್ತವೆ. ಹದಿಹರೆಯದ ಮಕ್ಕಳಿಗೆ ಅದರದ್ದೇ ಅಲಾಟೀನ್ ಎಂಬ ಶಾಖೆ. ಡ್ರಗ್ಸ್ ತೆಗೆದುಕೊಳ್ಳುವವರ ಮನೆಯವರಿಗೆ ಇರುವುದು ನಾರ್-ಅನಾನ್, ಅದರ ಸಭೆಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ. ಇವು ಯಾವುದಕ್ಕೂ ಫೀ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಸುಮ್ನೆ ಕೂತು ಕೇಳಿಸಿಕೊಂಡು ಬರಬಹುದು. 'ದೇವರು', 'ದೊಡ್ಡ ಶಕ್ತಿ' ಎಂಬ ಮಾತು ಬರುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಒಂದು ಸಭೆ ನೋಡಿ ಬಿಡಬೇಡಿ, ಬೇರೆ ಬಡಾವಣೆಯ ಗುಂಪಿನ ಗಾಳಿಯೇ ಬೇರೆ ಇರುತ್ತದೆ. ಬಿಡಲು ಹೊರಟವರದೇ ಗುಂಪಾದ ನಾರ್ಕೋಟಿಕ್ಸ್ ಅನಾನಿಮಸ್‌ನಲ್ಲಿ 'ಓಪನ್' ಸಭೆಗಳು ಇರುತ್ತವೆ. ಅಂಥವಕ್ಕೆ ಮನೆಯವರೂ ಹೋಗಬಹುದು. 'ಕ್ಲೋಸ್ಡ್' ಎಂದಿದ್ದರೆ ಹೋಗಬೇಡಿ.

ಸಂಸ್ಥೆಗಳಲ್ಲಿ, ಬಾಂದ್ರಾದ ಕೃಪಾ ಫೌಂಡೇಶನ್ ಹಳೆಯದು. ಫಾದರ್ ಜೋ ಪಿರೇರಾ 1981ರಲ್ಲಿ ಕಟ್ಟಿದ್ದು. ಪುಣೆಯ ಯೆರವಾಡದಲ್ಲಿರುವ ಮುಕ್ತಾಂಗಣವನ್ನು ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದರು. ಅಲ್ಲಿ ಹೆಂಡತಿಯರಿಗೆಂದೇ 'ಸಹಚರಿ' ಎಂಬ ಗುಂಪು, ನಶೆಗೆ ಬಿದ್ದ ಹೆಣ್ಣುಮಕ್ಕಳಿಗೆ 'ನಿಶಿಗಂಧ' ಎಂಬ ಬೇರೆ ವಿಭಾಗ ಇವೆ. ಗೋವಾದ ಸಂಗಾತ್ ಸಂಸ್ಥೆ ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರ ಮೂಲಕ ಇಂಥ ಮನೆಯವರಿಗೆ ಸಲಹೆ ಕೊಡಿಸುವ ಪ್ರಯೋಗ ಮಾಡಿದೆ. ಅಲ್ಲಿ ಬಳಸಿದ ಐದು ಹಂತದ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು: ನಿಮ್ಮ ಮಾತು ಕೇಳುವುದು, ನಶೆಯ ಬಗ್ಗೆ ಮಾಹಿತಿ ಕೊಡುವುದು, ನೀವು ಈಗ ಹೇಗೆ ನಿಭಾಯಿಸುತ್ತಿದ್ದೀರಿ ಎಂದು ನೋಡುವುದು, ನಿಮಗೆ ಯಾರಿದ್ದಾರೆ ಎಂದು ಹುಡುಕುವುದು, ಇನ್ನೇನು ಬೇಕು ಎಂದು ಕೇಳುವುದು. ಇದರಲ್ಲಿ ಅವನನ್ನು ಬಿಡಿಸುವ ಹಂತ ಎಲ್ಲೂ ಇಲ್ಲ, ಗಮನಿಸಿದಿರಾ?

ಇನ್ನು ನಮ್ಮ ಸಂಘಗಳು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಿಂದ ಕುರ್ಲಾದ ಬಂಟರ ಭವನದವರೆಗೆ ಮುಂಬಯಿ ಕನ್ನಡಿಗರಿಗೆ ಸಂಘದ ಕೊರತೆ ಇಲ್ಲ. ಅದೇ ತೊಂದರೆ ಕೂಡ. ಯಕ್ಷಗಾನಕ್ಕೆ, ಪೂಜೆಗೆ, ಮದುವೆಗೆ ಸಿಗುವವರು ಅದೇ ಜನ. ಒಂದು ಕಿವಿಗೆ ಬಿದ್ದದ್ದು ಕುಂದಾಪುರ ತಲುಪಲು ಒಂದು ದಿನ ಬೇಡ. ಆದರೂ ಪೂರ್ತಿ ಮುಚ್ಚಿಡಬೇಡಿ. ಸಮಿತಿಗೆ ಹೇಳಬೇಡಿ, ಒಬ್ಬರಿಗೆ ಹೇಳಿ. ಆಸ್ಪತ್ರೆಗೆ ಜೊತೆ ಬರುವ, ಮರಾಠಿಯಲ್ಲಿ ನಿಮ್ಮ ಪರವಾಗಿ ಮಾತಾಡುವ, ಗುಟ್ಟು ಬಿಟ್ಟುಕೊಡದ ಒಬ್ಬರು.

6. ಮನೆಯಲ್ಲಿ ಮಾತು, ದುಡ್ಡು, ಬಾಗಿಲು

ಮಾತು ಯಾವಾಗ? ಅಮಲಿನಲ್ಲಿದ್ದಾಗ ಬೇಡ, ಟರ್ಕಿಯಲ್ಲಿದ್ದಾಗಲೂ ಬೇಡ. ತಿಂಡಿ ತಿಂದು ಸಮಾಧಾನವಾಗಿ ಕೂತಿದ್ದಾಗ. ಎಷ್ಟು? ಎರಡು ಮೂರು ವಾಕ್ಯ. "ನಿನ್ನ ಅಪ್ಪನ ಮಾನ ತೆಗೆದೆ" ಎಂದು ಶುರುವಾದ ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ನಿಮಗೇ ಗೊತ್ತು. ಹೀಗೆ ಹೇಳಿ ನೋಡಿ:

"ಮಗಾ, ನಿನ್ನೆ ನೀನು ಬರುವಾಗ ಮೂರು ಗಂಟೆ ಆಗಿತ್ತು. ನನಗೆ ನಿದ್ದೆಯೇ ಬರಲಿಲ್ಲ. ಬುಧವಾರ ನಾನು ಕೆಇಎಂಗೆ ಹೋಗ್ತೇನೆ, ನನಗೋಸ್ಕರ. ನೀನೂ ಬರ್ತೀಯಾದರೆ ಒಟ್ಟಿಗೆ ಹೋಗುವ."

ಇಲ್ಲ ಎಂದರೆ ಸರಿ ಎನ್ನಿ. ಬುಧವಾರ ಹೋಗಿಬನ್ನಿ. ಅವನು ನಶೆ ಇಲ್ಲದೆ ಇದ್ದ ಸಂಜೆ ಒಟ್ಟಿಗೆ ಊಟಕ್ಕೆ ಕೂರಿ, ಅವನಿಗಿಷ್ಟದ್ದು ಮಾಡಿ, ಆ ಹೊತ್ತಿನಲ್ಲಿ ಉಪದೇಶ ಬೇಡ. ನಶೆಯಲ್ಲಿ ಬಂದ ದಿನ ಜಗಳವೂ ಬೇಡ, ಉಪಚಾರವೂ ಬೇಡ. ಮೇಲೆ ಹೇಳಿದ ಕ್ರಾಫ್ಟ್‌ನ ತಿರುಳಲ್ಲಿ ಬಹುಪಾಲು ಇದೇ.

ದುಡ್ಡು ಕೈಗೆ ಕೊಡಬೇಡಿ. ಊಟ, ಔಷಧಿ, ರೈಲು ಪಾಸ್ ನೀವೇ ಮಾಡಿಸಿ. ಯುಪಿಐ ಪಿನ್ ಬದಲಿಸಿ. ಚಿನ್ನ ಲಾಕರಿಗೆ ಹೋಗಲಿ. "ಇದೊಂದು ಸಲ ಸಾಲ ತೀರಿಸಿಬಿಡಿ, ಆಮೇಲೆ ಬಿಡ್ತೇನೆ" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ, ಒಂದಕ್ಕಿಂತ ಜಾಸ್ತಿ ಸಲ ಬರುತ್ತದೆ. ಹೋಟೆಲಿಗೆ ಫೋನ್ ಮಾಡಿ "ಅವನಿಗೆ ಜ್ವರ" ಎಂದು ಧಣಿಗೆ ಸುಳ್ಳು ಹೇಳುವುದನ್ನೂ ನಿಲ್ಲಿಸಿ. ಹಾಗಂತ ಕೆಲಸ ಕಳೆಯುವಂತೆ ಚಾಡಿ ಹೇಳುವುದೂ ಬೇಡ, ಕೆಲಸ ಇರುವವರು ಚಿಕಿತ್ಸೆಯಲ್ಲಿ ನಿಲ್ಲುವುದು ಸುಲಭ.

ಕೈ ಎತ್ತಿದರೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, 112ಕ್ಕೆ ಫೋನ್ ಮಾಡಿ. ಹೆಂಗಸರಿಗೆ 181, ಮಕ್ಕಳಿಗೆ 1098 ಇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ, ತಾಯಿ, ಅಕ್ಕತಂಗಿಯರಿಗೂ ರಕ್ಷಣೆ ಕೊಡುತ್ತದೆ. "ನಶೆಯಲ್ಲಿ ಹೊಡೆದ, ಅವನು ಒಳ್ಳೆಯವನೇ" ಎಂಬ ಮಾತನ್ನು ನಿಮ್ಮ ಅತ್ತಿಗೆ ಹೇಳಬಹುದು, ಹೇಳಲಿ.

ಲೋಕಲ್ ರೈಲಿನಲ್ಲಿ ಅಂಟಿಸಿರುವ 'ಹೇಳದೆ ನಶೆ ಬಿಡಿಸಿ' ಚೀಟಿಯ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಕೂಡ ರೋಗಿಗೆ ಗೊತ್ತಿದ್ದೇ ತೆಗೆದುಕೊಳ್ಳಬೇಕಾದ ಮಾತ್ರೆ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು.

7. ಸೇರಿಸುವ ಹೊತ್ತು ಬಂದರೆ

ಚಿಕಿತ್ಸೆಯಲ್ಲಿ ಎರಡು ಭಾಗ. ಡಿಟಾಕ್ಸ್ ಅಂದರೆ ಡಾಕ್ಟರ ಕಣ್ಣೆದುರು ವಿತ್‌ಡ್ರಾವಲ್ ದಾಟಿಸುವುದು. ಪುನರ್ವಸತಿ, ಅಂದರೆ ರಿಹ್ಯಾಬ್, ಅದರ ಮುಂದಿನದು. ಗರ್ದ್ ಹಿಡಿದವರಿಗೆ ಬುಪ್ರೆನಾರ್ಫಿನ್ ಎಂಬ ಮಾತ್ರೆಯ ದೀರ್ಘ ಚಿಕಿತ್ಸೆಯೂ ಇದೆ. "ಒಂದು ಬಿಟ್ಟು ಇನ್ನೊಂದು ನಶೆ ಕೊಡುತ್ತಾರೆ" ಎಂದು ಸಂಬಂಧಿಕರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಲ್ಲರನ್ನೂ ಅಡ್ಮಿಟ್ ಮಾಡಬೇಕು ಅಂತಲೂ ಇಲ್ಲ.

ಖಾಸಗಿ ಕೇಂದ್ರ ನೋಡುವಾಗ ದುಡ್ಡು ಕಟ್ಟುವ ಮೊದಲೇ ಹೋಗಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕವಸ್ತುವಿನಿಂದಾಗುವ ಮಾನಸಿಕ ತೊಂದರೆಯೂ ಸೇರುತ್ತದೆ. ಹಾಗಾಗಿ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಡಾಕ್ಟರು ಯಾವ ದಿನ ಬರುತ್ತಾರೆ? ಮನೆಯವರು ಯಾವಾಗ ನೋಡಬಹುದು? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆ? ಫೀ ಎಷ್ಟು ಎಂದು ಬರೆದುಕೊಡುತ್ತೀರಾ? "ಮೂರು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ" ಎಂದರೆ ಎದ್ದು ಬನ್ನಿ. ಸರಪಳಿ ಕಟ್ಟುವುದು, ಒತ್ತಾಯದಿಂದ ತಲೆ ಬೋಳಿಸುವುದು, ಒತ್ತಾಯದ ದುಡಿಮೆ, ಇವೆಲ್ಲ ಈ ಕಾಯ್ದೆಗೆ ವಿರುದ್ಧ.

ರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುವ 'ಪಿಕಪ್' ಸೇವೆಯನ್ನು ಕೆಲವರು ಕೊಡುತ್ತಾರೆ. ಇದಕ್ಕೆ ಒಪ್ಪಬೇಡಿ. ಒಪ್ಪಿಗೆ ಇಲ್ಲದ ದಾಖಲಾತಿಗೆ ಕಾನೂನಿನಲ್ಲಿ 89ನೇ ಕಲಂ ಇದೆ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ತನಗೋ ಬೇರೆಯವರಿಗೋ ಅಪಾಯವಾಗುವಂಥ ತೀವ್ರ ಸ್ಥಿತಿ ಇರಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ. ಸುಮ್ನೆ ಮನೆಯವರ ಸಹಿ ಸಾಕಾಗುವುದಿಲ್ಲ.

ಊರಿಗೆ ಕಳಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಕುಡಿತದ ವಿಷಯವಾದರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ, ಅದರ ನಂತರದ ನವಜೀವನ ಸಮಿತಿ ಇವೆ. ಕನ್ನಡದಲ್ಲೇ ನಡೆಯುವುದು ದೊಡ್ಡ ಅನುಕೂಲ. ಎಂಡಿ, ಗರ್ದ್ ಆದರೆ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಯೇ ಸರಿ. ಚಿಕಿತ್ಸೆ ಏನೂ ಇಲ್ಲದೆ, ಅಜ್ಜಿಮನೆಯಲ್ಲಿ ಬಿಟ್ಟರೆ ಸರಿಹೋಗುತ್ತಾನೆ ಎಂದು ಕಳಿಸಿದರೆ ಅಜ್ಜಿಯ ಪಾಡು ಏನು ಯೋಚಿಸಿ.

8. ಪೊಲೀಸರ ಭಯ

ಸೇವಿಸುವುದೂ ಅಪರಾಧವೇ, 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ 27ನೇ ಕಲಂ. ಆದರೆ ಅದೇ ಕಾಯ್ದೆಯ 64ಎ ಕಲಂ ಪ್ರಕಾರ, ವ್ಯಸನಿ ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿದ್ದು, ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂತೆಗೆದುಕೊಳ್ಳಬಹುದು. ಕೇಸಾಗಿದ್ದರೆ ವಕೀಲರ ಬಳಿ ಈ ಕಲಂ ಹೆಸರೆತ್ತಿ ಕೇಳಿ. ಮನೆಯಲ್ಲಿ ಮಾಲು ಇಡಲು ಗೊತ್ತಿದ್ದೂ ಬಿಟ್ಟರೆ ಮನೆಯ ಒಡೆಯರ ಮೇಲೂ ಕೇಸು ಬರಬಹುದು (25ನೇ ಕಲಂ). ಇದನ್ನು ಮಗನಿಗೆ ಬೆದರಿಕೆಯಂತೆ ಅಲ್ಲದೆ ಮಾಹಿತಿಯಂತೆ ಹೇಳಿ.

"ನಿಮ್ಮ ಮಗ ಡ್ರಗ್ಸ್ ಕೇಸಲ್ಲಿ ಸಿಕ್ಕಿದ್ದಾನೆ, ದುಡ್ಡು ಕಳಿಸಿ" ಎಂದು ವಿಡಿಯೊ ಕಾಲ್ ಬಂದರೆ ಅದು ಮೋಸ. ಇಂಥ ಮನೆಯವರು ಬೇಗ ನಂಬುತ್ತಾರೆ, ಅಲ್ವಾ? ಕಾಲ್ ಕಟ್ ಮಾಡಿ 1930ಕ್ಕೆ ದೂರು ಕೊಡಿ.

9. ಮನೆಗೆ ಬಂದ ಮೇಲೆ

ಮತ್ತೆ ಶುರು ಮಾಡುವುದಕ್ಕೆ ರಿಲ್ಯಾಪ್ಸ್ ಎನ್ನುತ್ತಾರೆ. ಆಗಬಹುದು, ಅದು ಚಿಕಿತ್ಸೆ ದಂಡವಾಯಿತು ಎಂದಲ್ಲ. ಅಪಾಯ ಇರುವುದು ಬೇರೆ ಕಡೆ. ಬಿಟ್ಟು ಕೆಲವು ವಾರವಾದ ಮೇಲೆ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ. ಹಳೆಯ ಅಳತೆಯಲ್ಲೇ ಗರ್ದ್ ಸೇದಿದರೆ ಉಸಿರು ನಿಲ್ಲಬಹುದು. ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲಿ ಬಾತ್‌ರೂಮಿನ ಚಿಲಕ ಹೊರಗಿನಿಂದ ತೆಗೆಯುವಂತೆ ಮಾಡಿಸಿ. ಫಾಲೋಅಪ್ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮ್ಮ ಗುಂಪಿನ ಸಭೆ ಬಿಡಬೇಡಿ, ಅವನು ಚೆನ್ನಾಗಿದ್ದರೂ ಹೋಗಿ.

10. ಖೋಲಿಯ ಗೆಳೆಯರಿಗೆ

ಹೋಟೆಲಿನ ಮಾಳಿಗೆಯಲ್ಲಿ, ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಜೊತೆಗಿರುವವರಿಗೆ ವಿಷಯ ಮನೆಯವರಿಗಿಂತ ಮೊದಲು ಗೊತ್ತಾಗುತ್ತದೆ. ಸಾಲ ಕೊಡಬೇಡಿ, ಅವನ ಚೀಲ ನಿಮ್ಮ ಪೆಟ್ಟಿಗೆಯಲ್ಲಿ ಇಡಲು ಬಿಡಬೇಡಿ. ಊರಿನ ಅಮ್ಮನಿಗೆ ಹೇಳಬೇಕಾ? ಪ್ರಾಣಾಪಾಯ ಕಂಡರೆ ಕೇಳದೆಯೇ ಹೇಳಿ. ಇಲ್ಲದಿದ್ದರೆ ಮೊದಲು ಅವನಿಗೇ ಹೇಳಿ: "ಮಾರಾಯಾ, ಮುಂದಿನ ವಾರದೊಳಗೆ ನೀನೇ ಅಣ್ಣನಿಗೆ ಫೋನ್ ಮಾಡು, ಇಲ್ಲಾಂದ್ರೆ ನಾನು ಮಾಡ್ತೇನೆ." ಹೇಳಿದಂತೆ ನಡೆದುಕೊಳ್ಳಿ. ಫೋನ್ ಮಾಡುವಾಗ ಅಮ್ಮನ ಬದಲು, ಮುಂಬಯಿಗೆ ಹೊರಟು ಬರಬಲ್ಲ ಅಣ್ಣನಿಗೋ ಮಾವನಿಗೋ ಮಾಡಿ. ಅವರು ಬರುವ ದಿನ ನೀವು ಅರ್ಧ ದಿನ ರಜೆ ಹಾಕಿ, ಓಪಿಡಿಯ ದಾರಿ ತೋರಿಸಲು ಜೊತೆಗೆ ಹೋಗಿ.